ಕೈಯಲ್ಲೇ ಅಚ್ಚು ಹಾಕುತ್ತೇವೆ ಎಂದು ಹೊರಟವರು

1896ರಲ್ಲಿ ಲಂಡನ್ನಿನಲ್ಲಿ ಒಂದು ಪುಸ್ತಕ ಹೊರಬಂತು. ಬೆಲೆ 20 ಪೌಂಡ್. ಆಗಿನ ಕಾಲದ ಕೆಲಸಗಾರನೊಬ್ಬ ವಾರಗಟ್ಟಲೆ ದುಡಿದರೆ ಕೂಡಿಬರುವ ದುಡ್ಡು ಅದು. ಒಳಗೆ ಇದ್ದದ್ದೇನೂ ಹೊಸದಲ್ಲ. 14ನೇ ಶತಮಾನದ ಇಂಗ್ಲಿಷ್ ಕವಿ ಚಾಸರನ ಕೃತಿಗಳು, ಬೇರೆ ಪ್ರಕಾಶಕರ ಹತ್ತಿರ ಇದಕ್ಕಿಂತ ಎಷ್ಟೋ ಅಗ್ಗಕ್ಕೆ ಸಿಗುತ್ತಿದ್ದವು. ಕಾಗದದ ಮೇಲೆ 425 ಪ್ರತಿ, ಕರುವಿನ ಚರ್ಮವನ್ನು ಹದ ಮಾಡಿದ ಹಾಳೆಯ ಮೇಲೆ 13 ಪ್ರತಿ, ಅಷ್ಟೇ ಮುದ್ರಿಸಿದ್ದು. ಚರ್ಮದ ಪ್ರತಿಗೆ 120 ಗಿನಿ (ಗಿನಿ ಎಂದರೆ ಪೌಂಡಿಗಿಂತ ಸ್ವಲ್ಪ ಜಾಸ್ತಿ). ಇಷ್ಟು ದುಬಾರಿ ಪುಸ್ತಕ ಮಾಡಿದವನು ಯಾರೋ ಜಮೀನ್ದಾರನಲ್ಲ. ಬೀದಿಯಲ್ಲಿ ನಿಂತು ಸಮಾಜವಾದದ ಭಾಷಣ ಮಾಡುತ್ತಿದ್ದ, 1884ರಲ್ಲಿ ಸೋಷಿಯಲಿಸ್ಟ್ ಲೀಗ್ ಕಟ್ಟಿದವರಲ್ಲಿ ಒಬ್ಬನಾದ ವಿಲಿಯಂ ಮಾರಿಸ್.

ಈ ವಿರೋಧಾಭಾಸವನ್ನು ಹಿಡಿದುಕೊಂಡೇ ಮುಂದೆ ಹೋಗೋಣ. ಬ್ರಿಟನ್ನಿನ ‘ಪ್ರೈವೇಟ್ ಪ್ರೆಸ್’ಗಳ ಕಥೆಯನ್ನು ಸಾಮಾನ್ಯವಾಗಿ ಚಂದದ ಹಳೆ ಪುಸ್ತಕಗಳ ಕಥೆಯಾಗಿ ಹೇಳಿ ಮುಗಿಸುತ್ತಾರೆ. ಕೈಕೆಲಸದ ಮಹಿಮೆ, ಯಂತ್ರದ ಮೇಲಿನ ಸಿಟ್ಟು, ಅಂತ. ನನಗೆ ಆ ವಿವರಣೆ ಅರ್ಧ ಮಾತ್ರ ಸರಿ ಅನ್ನಿಸುತ್ತದೆ. ಅವರು ಗೆದ್ದದ್ದು ಕೈಯಿಂದಲ್ಲ, ಕಣ್ಣಿನಿಂದ. ಕೈ ಬೇಕಾಗಿದ್ದು ಆ ಕಣ್ಣು ಹೇಳಿದ್ದನ್ನು ಚಾಚೂ ತಪ್ಪದೆ ಮಾಡೋದಕ್ಕೆ. ಯಾಕೆ ಹಾಗನ್ನುತ್ತೇನೆ ಎಂದು ತಿಳಿಯಬೇಕಾದರೆ ಪುಸ್ತಕ ಹೇಗೆ ತಯಾರಾಗುತ್ತಿತ್ತು ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಮೊದಲು, ಪ್ರೈವೇಟ್ ಪ್ರೆಸ್ ಎಂದರೇನು? ನಮ್ಮ ಊರುಗಳ ಪ್ರೆಸ್ಸುಗಳು ಲಗ್ನಪತ್ರಿಕೆ, ಬಿಲ್ ಬುಕ್ಕು, ಕರಪತ್ರ ಅಂತ ಗಿರಾಕಿ ತಂದದ್ದನ್ನು ಅಚ್ಚು ಹಾಕಿ ಕೊಡುತ್ತವೆ. ಪ್ರೈವೇಟ್ ಪ್ರೆಸ್ಸಿನಲ್ಲಿ ಗಿರಾಕಿಯ ಮಾತೇ ಇಲ್ಲ. ಏನನ್ನು ಮುದ್ರಿಸಬೇಕು, ಯಾವ ಕಾಗದ, ಯಾವ ಅಕ್ಷರ, ಎಷ್ಟು ಪ್ರತಿ, ಎಲ್ಲವೂ ಯಜಮಾನನ ಇಷ್ಟ. ಮಾರಾಟ ಇರುತ್ತದೆ, ಆದರೆ ಮಾರುಕಟ್ಟೆ ನೋಡಿಕೊಂಡು ಪುಸ್ತಕ ಮಾಡುವುದಿಲ್ಲ.

ಇನ್ನು, ಅಂಥದ್ದೊಂದು ಯಾಕೆ ಬೇಕಾಯಿತು? 19ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಪುಸ್ತಕ ಹಿಂದೆಂದೂ ಇಲ್ಲದಷ್ಟು ಅಗ್ಗವಾಯಿತು. 1814ರಲ್ಲೇ ಟೈಮ್ಸ್ ಪತ್ರಿಕೆ ಉಗಿಯಂತ್ರದ ಮೇಲೆ ಮುದ್ರಣವಾಗತೊಡಗಿತ್ತು. ಕಾಗದ ಉದ್ದನೆಯ ಸುರುಳಿಯಾಗಿ ಯಂತ್ರದಿಂದ ಬರತೊಡಗಿತು. 1861ರಲ್ಲಿ ಕಾಗದದ ಮೇಲಿನ ತೆರಿಗೆ ಹೋಯಿತು. 1870ರ ಶಿಕ್ಷಣ ಕಾಯ್ದೆಯಿಂದ ಓದುವವರು ಜಾಸ್ತಿಯಾದರು. ಇದೆಲ್ಲ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಗ್ಗ ಮಾಡುವ ಭರದಲ್ಲಿ ಪ್ರತಿಯೊಂದು ಹಂತದಲ್ಲೂ ಒಂದೊಂದು ಚೂರು ಕತ್ತರಿಸಿದರು. ಬಟ್ಟೆಯ ಚಿಂದಿಯಿಂದ ಮಾಡುತ್ತಿದ್ದ ಕಾಗದದ ಜಾಗಕ್ಕೆ ಮರದ ತಿರುಳಿನ ಕಾಗದ ಬಂತು. ಶಾಯಿ ಹರಡದಂತೆ ಅದಕ್ಕೆ ಪಟಿಕ ಮತ್ತು ರಾಳ ಬೆರೆಸುತ್ತಿದ್ದರು. ಪಟಿಕದಿಂದ ಕಾಗದದಲ್ಲಿ ಆಮ್ಲ ಉಳಿಯುತ್ತದೆ, ಆಮ್ಲ ನಿಧಾನವಾಗಿ ನಾರನ್ನು ತಿನ್ನುತ್ತದೆ. ಹಳೆ ಪುಸ್ತಕ ಕಂದುಬಣ್ಣಕ್ಕೆ ತಿರುಗಿ, ಪುಟ ತಿರುವಿದರೆ ಮೂಲೆ ಮುರಿದು ಕೈಗೆ ಬರುತ್ತದಲ್ಲ, ಬಹುಮಟ್ಟಿಗೆ ಅದಕ್ಕೆ ಕಾರಣ ಇದೇ. ಅಕ್ಷರಗಳೂ ಸೊರಗಿದ್ದವು. ಆಗಿನ ಫ್ಯಾಷನ್ನಿನ ಟೈಪಿನಲ್ಲಿ ದಪ್ಪ ಗೆರೆ ಬಹಳ ದಪ್ಪ, ತೆಳು ಗೆರೆ ಕೂದಲಿನಷ್ಟು ತೆಳು. ನೀರಾದ ಬೂದು ಶಾಯಿಯಲ್ಲಿ ಅದನ್ನು ಅಚ್ಚು ಹಾಕಿದರೆ ತೆಳು ಗೆರೆ ಮಾಯ, ಕಣ್ಣಿಗೆ ಬರೀ ಕಡ್ಡಿಗಳ ಸಾಲು. ಅದರ ಮೇಲೆ ಪದಗಳ ನಡುವೆ ಬೇಕಾಬಿಟ್ಟಿ ಜಾಗ, ಸಾಲುಗಳ ನಡುವೆ ಸೀಸದ ಪಟ್ಟಿ ತುರುಕಿ ಹಿಗ್ಗಿಸಿದ ಪುಟ.

1888ರ ನವೆಂಬರ್ 15. ಲಂಡನ್ನಿನ ನ್ಯೂ ಗ್ಯಾಲರಿಯಲ್ಲಿ ಕರಕುಶಲ ಪ್ರದರ್ಶನದ ಅಂಗವಾಗಿ ಎಮರಿ ವಾಕರ್ ಎಂಬಾತ ಮುದ್ರಣದ ಮೇಲೆ ಉಪನ್ಯಾಸ ಕೊಟ್ಟ. ಮಾತು ಕಡಿಮೆ, ತೋರಿಸಿದ್ದು ಜಾಸ್ತಿ. 15ನೇ ಶತಮಾನದ ಪುಸ್ತಕಗಳ ಅಕ್ಷರಗಳನ್ನು ಫೋಟೋ ತೆಗೆದು, ಸ್ಲೈಡ್ ಮಾಡಿ, ದೀಪದ ಬೆಳಕಿನಲ್ಲಿ ಗೋಡೆಯ ಮೇಲೆ ದೊಡ್ಡದಾಗಿ ಬೀಳಿಸಿದ. ಕೇಳಲು ಬಂದಿದ್ದ ಮಾರಿಸ್ ಆಗ 54ರವನು. ಗೋಡೆ ಕಾಗದ, ಬಟ್ಟೆ, ಗಾಜು, ಪೀಠೋಪಕರಣ ಎಲ್ಲ ಮಾಡಿ ಮುಗಿಸಿದ್ದ. ಬೆರಳಿನ ಉಗುರಿನಷ್ಟೂ ಇರದ ಅಕ್ಷರ ಗೋಡೆಯ ಮೇಲೆ ಆಳೆತ್ತರ ನಿಂತಾಗ ಅದರ ಮೈಕಟ್ಟು ಕಾಣಿಸಿತು. ವಾಕರ್ ಮತ್ತು ಮಾರಿಸ್ ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ ನೆರೆಹೊರೆಯವರು. ಆ ರಾತ್ರಿ ಮನೆಗೆ ಹೋಗುವಾಗಲೇ ಹೊಸ ಟೈಪ್ ಮಾಡುವ ಮಾತು ಶುರುವಾಯಿತು.

ಇಲ್ಲಿ ಒಂದು ವಿಷಯ ಗಮನಿಸಿ. ವಾಕರ್‌ನ ವೃತ್ತಿ ಏನು ಗೊತ್ತಾ? ಫೋಟೋದಿಂದ ಮುದ್ರಣದ ಬ್ಲಾಕ್ ಮಾಡುವ ಕಂಪನಿ ನಡೆಸುವುದು. ಅಂದರೆ ಆ ಕಾಲದ ಅತಿ ಹೊಸ ತಂತ್ರಜ್ಞಾನ. ‘ಯಂತ್ರ ವಿರೋಧಿ’ ಚಳವಳಿ ಹುಟ್ಟಿದ್ದೇ ಕ್ಯಾಮೆರಾದ ಕೃಪೆಯಿಂದ.

ಮಾರಿಸ್ 1891ರಲ್ಲಿ ಹ್ಯಾಮರ್‌ಸ್ಮಿತ್‌ನಲ್ಲಿ ಪ್ರೆಸ್ ಹೂಡಿದ. ಹೆಸರು ಕೆಲ್ಮ್‌ಸ್ಕಾಟ್. ಮೊದಲ ಟೈಪಿಗೆ ಮಾದರಿಯಾಗಿ ಹಿಡಿದದ್ದು ನಿಕೊಲಾ ಜೆನ್ಸನ್ ಎಂಬ ಫ್ರೆಂಚ್ ಮುದ್ರಕ 1470ರ ದಶಕದಲ್ಲಿ ವೆನಿಸ್ಸಿನಲ್ಲಿ ಬಳಸಿದ ಅಕ್ಷರಗಳನ್ನು. ವಾಕರ್ ಅವುಗಳ ಫೋಟೋ ಹಿಗ್ಗಿಸಿ ಕೊಟ್ಟ. ಮಾರಿಸ್ ಅದರ ಮೇಲೆ ಮತ್ತೆ ಮತ್ತೆ ಬರೆದು ಕೈ ಪಳಗಿಸಿಕೊಂಡ. ಆಮೇಲೆ ಸ್ವಂತದ್ದು ಬರೆದ. ಅದನ್ನು ಫೋಟೋದಿಂದ ಕುಗ್ಗಿಸಿ, ಮುದ್ರಣದ ಅಳತೆಯಲ್ಲಿ ಹೇಗೆ ಕಾಣುತ್ತದೆ ಎಂದು ನೋಡಿ, ತಿದ್ದಿದ.

ಬರೆದದ್ದು ಅಚ್ಚಿನ ಮೊಳೆಯಾಗುವುದು ಬೇರೆಯದೇ ಕೆಲಸ. ಎಡ್ವರ್ಡ್ ಪ್ರಿನ್ಸ್ ಎಂಬ ಕುಶಲಿ ಉಕ್ಕಿನ ಸಣ್ಣ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ತಿರುಗುಮುರುಗಾಗಿ ಕೆತ್ತುತ್ತಿದ್ದ. ಅದು ಪಂಚ್. ಪಂಚನ್ನು ತಾಮ್ರದ ತುಂಡಿನ ಮೇಲೆ ಬಡಿದರೆ ಅಕ್ಷರದ ಗುಳಿ ಬೀಳುತ್ತದೆ. ಅದು ಪಡಿಯಚ್ಚು. ಅದಕ್ಕೆ ಸೀಸ, ತವರ, ಆಂಟಿಮನಿ ಕರಗಿಸಿ ಹುಯ್ದರೆ ಮೊಳೆ. ಒಂದು ಪಂಚ್, ಒಂದು ಪಡಿಯಚ್ಚು, ಅದರಿಂದ ಸಾವಿರಾರು ಮೊಳೆ. ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಎಲ್ಲಕ್ಕೂ ಹೀಗೇ. (ಒತ್ತಕ್ಷರ, ಕಾಗುಣಿತ ಎಲ್ಲ ಸೇರಿಸಿ ಕನ್ನಡಕ್ಕೆ ಇದನ್ನು ಮಾಡಿದವರ ಪಾಡು ನೆನೆಸಿಕೊಳ್ಳಿ.) ಪ್ರಿನ್ಸ್ ಹೆಸರು ಪುಸ್ತಕಗಳ ಕಥೆಯಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಆದರೆ ಮಾರಿಸ್‌ನ ಟೈಪುಗಳಷ್ಟೇ ಅಲ್ಲ, ಆಮೇಲೆ ಬಂದ ಡವ್ಸ್ ಪ್ರೆಸ್ಸಿನ ಟೈಪನ್ನೂ ಕೆತ್ತಿದ್ದು ಇದೇ ಕೈ.

ಈ ಮೊದಲ ಟೈಪಿನ ಹೆಸರು ಗೋಲ್ಡನ್. ಆಮೇಲೆ ಗಾಥಿಕ್ ಶೈಲಿಯ, ಅಂದರೆ ಮಧ್ಯಯುಗದ ಹಸ್ತಪ್ರತಿಗಳಂಥ ದಟ್ಟ ಅಕ್ಷರದ, ಟ್ರಾಯ್ ಬಂತು. ಅದನ್ನೇ ಸಣ್ಣದು ಮಾಡಿದಾಗ ಚಾಸರ್ ಟೈಪ್. ಗೋಲ್ಡನ್ ಎಷ್ಟು ಬೇಗ ಹೆಸರು ಮಾಡಿತೆಂದರೆ, ಅಮೆರಿಕದ ಮೊಳೆ ತಯಾರಕರು ಎರಡೇ ವರ್ಷದಲ್ಲಿ ಅದರ ನಕಲು ಮಾರುಕಟ್ಟೆಗೆ ಬಿಟ್ಟರು.

ಕಾಗದಕ್ಕೆ ಮಾರಿಸ್ ಕೆಂಟ್ ಪ್ರಾಂತದ ಜೋಸೆಫ್ ಬ್ಯಾಚಲರ್ ಎಂಬ ತಯಾರಕನನ್ನು ಹಿಡಿದ. 1473ರ ಸುಮಾರಿನ ಬೊಲೋನ್ಯಾದ ಕಾಗದವೊಂದು ಮಾದರಿ. ಬರೀ ಲಿನನ್ ಚಿಂದಿ, ಹತ್ತಿ ಕೂಡ ಬೇಡ. ಚಿಂದಿಯನ್ನು ಕುಟ್ಟಿ ನೀರಿನಲ್ಲಿ ತೆಳ್ಳಗೆ ಕಲಸುತ್ತಾರೆ. ತೊಟ್ಟಿಯ ಮುಂದೆ ನಿಂತವನು ತಂತಿಯ ಜರಡಿ ಇರುವ ಚೌಕಟ್ಟನ್ನು ಅದರಲ್ಲಿ ಅದ್ದಿ ಎತ್ತಿ, ಒಮ್ಮೆ ಅತ್ತಿತ್ತ ಅಲ್ಲಾಡಿಸುತ್ತಾನೆ. ನೀರು ಸೋರಿ ನಾರು ಹೆಣೆದುಕೊಳ್ಳುತ್ತದೆ. ಆ ಒದ್ದೆ ಹಾಳೆಯನ್ನು ಉಣ್ಣೆಯ ಕಂಬಳಿ ತುಂಡಿನ ಮೇಲೆ ಮಗುಚಿ, ಒತ್ತಿ, ಒಣಗಿಸಿ, ಕೊನೆಗೆ ಸರೇಸಿನಂಥ ಜೆಲಟಿನ್ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಹೀಗೆ ಒಂದೊಂದೇ ಹಾಳೆ. ಚಿಂದಿಯ ನಾರು ಉದ್ದ, ಆಮ್ಲ ಇಲ್ಲ. ಅದಕ್ಕೇ ಇವತ್ತಿಗೂ ಕೆಲ್ಮ್‌ಸ್ಕಾಟ್ ಪುಸ್ತಕದ ಹಾಳೆ ಗಟ್ಟಿ, ಬೆಳ್ಳಗೆ.

ಗಟ್ಟಿ ಕಾಗದಕ್ಕೆ ಒಂದು ತೊಂದರೆ ಇದೆ. ಅದು ಶಾಯಿಯನ್ನು ಸುಲಭವಾಗಿ ಹಿಡಿಯುವುದಿಲ್ಲ. ಇಸ್ತ್ರಿ ಹಾಕುವ ಮುಂಚೆ ಬಟ್ಟೆಗೆ ನೀರು ಚಿಮುಕಿಸುವ ಹಾಗೆ, ಮುದ್ರಣದ ಹಿಂದಿನ ದಿನ ಹಾಳೆಗಳನ್ನು ತೇವ ಮಾಡಿ ಒಂದರ ಮೇಲೊಂದು ಪೇರಿಸಿ ಭಾರ ಹೇರಿ ಇಡಬೇಕು. ಮೆತ್ತಗಾದ ಹಾಳೆಯೊಳಗೆ ಮೊಳೆ ಸ್ವಲ್ಪ ಇಳಿಯುತ್ತದೆ, ಅಕ್ಷರ ಕಾಗದದ ಮೇಲೆ ಕೂತಂತಲ್ಲ, ಒಳಗೆ ನಾಟಿದಂತೆ ಕಾಣುತ್ತದೆ. ತೇವ ಜಾಸ್ತಿಯಾದರೆ ಶಾಯಿ ಹರಡುತ್ತದೆ, ಕಡಿಮೆಯಾದರೆ ಮಂಕು. ಅಳತೆ ಕೆಲಸಗಾರನ ಬೆರಳಿನಲ್ಲಿ.

ಶಾಯಿಗೂ ಅಲೆದಾಟ. ಅಗಸೆ ಎಣ್ಣೆ ಕುದಿಸಿ ದೀಪದ ಕಾಡಿಗೆ ಬೆರೆಸಿದ, ಹಳೆ ಕಾಲದ ಕಡುಕಪ್ಪು ಮಾರಿಸ್‌ಗೆ ಬೇಕಿತ್ತು. ಇಂಗ್ಲೆಂಡಿನಲ್ಲಿ ಮನಸ್ಸಿಗೆ ಬಂದದ್ದು ಸಿಗಲಿಲ್ಲ, ಕೊನೆಗೆ ಜರ್ಮನಿಯ ಹ್ಯಾನೋವರ್‌ನಿಂದ ತರಿಸಿದ. ಅದು ಎಷ್ಟು ಗಟ್ಟಿಯೆಂದರೆ ಪ್ರೆಸ್ಸಿನ ಆಳುಗಳು ಗೊಣಗುತ್ತಿದ್ದರು. ಚಾಸರ್ ಮುದ್ರಣದ ನಡುವೆ ಕೆಲವು ಹಾಳೆಗಳಲ್ಲಿ ಶಾಯಿಯ ಸುತ್ತ ಹಳದಿ ಕಲೆ ಕಾಣಿಸಿಕೊಂಡು ಎಲ್ಲರಿಗೂ ದಿಗಿಲು ಹುಟ್ಟಿಸಿತ್ತು. ಹಾಳೆಗಳ ಕಲೆ ತೆಗೆದು ಬಚಾವಾದರು.

ಮುದ್ರಿಸಿದ್ದು ಆಲ್ಬಿಯನ್ ಎಂಬ ಕಬ್ಬಿಣದ ಕೈಪ್ರೆಸ್ಸಿನಲ್ಲಿ. ಮೊಳೆಗೆ ಶಾಯಿ ಸವರು, ಹಾಳೆ ಇಡು, ಒತ್ತುಹಲಗೆಯ ಕೆಳಗೆ ತಳ್ಳು, ಹಿಡಿ ಎಳೆ, ಹಾಳೆ ತೆಗೆ, ಒಣಹಾಕು. ಮತ್ತೆ ಶಾಯಿ. ಚಾಸರ್ 556 ಪುಟದ ಪುಸ್ತಕ. ಒಂದು ಎಳೆತಕ್ಕೆ ಎರಡು ಪುಟ ಎಂದು ಲೆಕ್ಕ ಹಿಡಿದರೂ 425 ಪ್ರತಿಗೆ ಒಂದು ಲಕ್ಷಕ್ಕೂ ಮೀರಿದ ಎಳೆತ. 1894ರ ಆಗಸ್ಟ್‌ನಲ್ಲಿ ಶುರುವಾದ ಮುದ್ರಣ ಮುಗಿದದ್ದು 1896ರ ಮೇ ತಿಂಗಳಲ್ಲಿ. ಮೊದಲ ಪ್ರತಿ ಕೈಗೆ ಬಂದ ನಾಲ್ಕು ತಿಂಗಳಿಗೆ, ಅಕ್ಟೋಬರ್ 3ರಂದು, ಮಾರಿಸ್ ತೀರಿಕೊಂಡ.

ಚಾಸರ್‌ನಲ್ಲಿ ಎಡ್ವರ್ಡ್ ಬರ್ನ್-ಜೋನ್ಸ್ ಬರೆದ 87 ಚಿತ್ರಗಳಿವೆ. ಅವನ್ನು ಮರದ ಮೇಲೆ ಕೆತ್ತಿಸಿದರು. ಇದು ಬರೀ ಹಳೆಯದರ ಮೇಲಿನ ಮೋಹ ಅಲ್ಲ, ಅದಕ್ಕೊಂದು ಗಟ್ಟಿ ಕಾರಣ ಇದೆ. ಮರದ ಅಚ್ಚಿನಲ್ಲಿ ಮೊಳೆಯಂತೆಯೇ ಉಬ್ಬಿದ ಭಾಗ ಶಾಯಿ ಹಿಡಿಯುತ್ತದೆ, ತಗ್ಗು ಬಿಳಿ ಉಳಿಯುತ್ತದೆ. ಮರದ ತುಂಡನ್ನು ಮೊಳೆಯ ಎತ್ತರಕ್ಕೆ, ಅಂದರೆ 0.918 ಇಂಚಿಗೆ, ಸರಿಮಾಡಿಕೊಂಡರೆ ಚಿತ್ರ ಮತ್ತು ಅಕ್ಷರ ಒಂದೇ ಚೌಕಟ್ಟಿನಲ್ಲಿ, ಒಂದೇ ಶಾಯಿಯಲ್ಲಿ, ಒಂದೇ ಎಳೆತದಲ್ಲಿ ಮೂಡುತ್ತವೆ. ತಾಮ್ರದ ತಗಡಿನ ಚಿತ್ರವಾದರೆ ತಗ್ಗಿನಲ್ಲಿ ಶಾಯಿ ತುಂಬಿ ಬೇರೆ ಯಂತ್ರದಲ್ಲಿ ಬೇರೆಯಾಗಿ ಮುದ್ರಿಸಬೇಕು. ಅದು ಪುಟದಲ್ಲಿ ನೆಂಟನಾಗಿಯೇ ಉಳಿಯುತ್ತದೆ. ಮರದ ಅಚ್ಚಿನ ಗೆರೆ ಮತ್ತು ಅಕ್ಷರದ ಗೆರೆ ಒಂದೇ ಮನೆಯವು.

ಈಗ ಮುಖ್ಯ ವಿಷಯಕ್ಕೆ ಬರೋಣ. ಮಾರಿಸ್ 1893ರ ಒಂದು ಉಪನ್ಯಾಸದಲ್ಲಿ ಹೇಳಿದ್ದರ ಸಾರ ಇಷ್ಟು: ಪುಸ್ತಕದ ಘಟಕ ಒಂದು ಪುಟ ಅಲ್ಲ, ತೆರೆದಿಟ್ಟಾಗ ಎದುರುಬದುರು ಕಾಣುವ ಎರಡು ಪುಟ. ಆದ್ದರಿಂದ ಬೆನ್ನಿನ ಕಡೆಯ ಅಂಚು ಎಲ್ಲಕ್ಕಿಂತ ಕಿರಿದಾಗಬೇಕು, ಮೇಲಿನದು ಅದಕ್ಕಿಂತ ಹಿರಿದು, ಹೊರಗಿನದು ಇನ್ನೂ ಹಿರಿದು, ಕೆಳಗಿನದು ಎಲ್ಲಕ್ಕಿಂತ ಹಿರಿದು. ಮಧ್ಯಯುಗದ ಪುಸ್ತಕಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಸುಮಾರು 20% ಹೆಚ್ಚಳ ಇರುತ್ತಿತ್ತಂತೆ. ಪದಗಳ ನಡುವೆ ಜಾಗ ಕಡಿಮೆ ಇರಬೇಕು. ಇಲ್ಲದಿದ್ದರೆ ಸಾಲಿನಿಂದ ಸಾಲಿಗೆ ಬಿಳಿಯ ಕಾಲುವೆಗಳು ಹರಿದು ಕಣ್ಣನ್ನು ಎಳೆಯುತ್ತವೆ. ಸಾಲುಗಳ ನಡುವೆ ಸುಮ್ನೆ ಪಟ್ಟಿ ತುರುಕಬಾರದು. ಅಕ್ಷರಕ್ಕೆ ಮೈ ಇರಬೇಕು.

ಗಮನಿಸಿದಿರಾ? ಇದರಲ್ಲಿ ಒಂದಕ್ಕೂ ಕೈಕಾಗದ ಬೇಕಿಲ್ಲ, ಕೈಪ್ರೆಸ್ ಬೇಕಿಲ್ಲ. ಅಂಚನ್ನು ಸರಿಯಾಗಿ ಇಡೋದಕ್ಕೆ ಜಾಸ್ತಿ ದುಡ್ಡೂ ಬೇಡ. ನೋಡುವವರು ಬೇಕು, ಅಷ್ಟೇ. ಆಗಿನ ವಾಣಿಜ್ಯ ಮುದ್ರಣದಲ್ಲಿ ಕಾಗದ ಒಬ್ಬನದು, ಜೋಡಣೆ ಇನ್ನೊಬ್ಬನದು, ಚಿತ್ರ ಮತ್ತೊಬ್ಬನದು, ರಟ್ಟು ಮಗದೊಬ್ಬನದು. ಇಡೀ ಪುಸ್ತಕವನ್ನು ಒಂದಾಗಿ ನೋಡುವವರೇ ಇರಲಿಲ್ಲ. ಮಾರಿಸ್ ಆ ಖಾಲಿ ಕುರ್ಚಿಯಲ್ಲಿ ಕೂತ.

ಹಾಗಂತ ಕೆಲ್ಮ್‌ಸ್ಕಾಟ್ ಪುಸ್ತಕಗಳನ್ನು ಓದೋದಕ್ಕೆ ಖುಷಿಯಾಗುತ್ತದಾ? ನನ್ನನ್ನು ಕೇಳಿದರೆ, ಇಲ್ಲ. ಅಂಚಿನ ತುಂಬ ಬಳ್ಳಿ, ಎಲೆ, ಹೂವು. ಪುಟ ಕಪ್ಪಗೆ ತುಂಬಿ ಭಾರವಾಗಿದೆ. ಗಾಥಿಕ್ ಅಕ್ಷರಗಳಲ್ಲಿ ಎರಡು ಪುಟ ದಾಟುವಷ್ಟರಲ್ಲಿ ಕಣ್ಣು ಸೋಲುತ್ತದೆ. ಚಾಸರ್ ಅದ್ಭುತವಾದ ವಸ್ತು, ಆದರೆ ಅದು ಎದುರಿಗಿಟ್ಟುಕೊಂಡು ನೋಡುವ ವಸ್ತು. 1898ರಲ್ಲಿ ಪ್ರೆಸ್ ಮುಚ್ಚುವ ಹೊತ್ತಿಗೆ ಐವತ್ತಕ್ಕೂ ಹೆಚ್ಚು ಪುಸ್ತಕಗಳ ಸುಮಾರು 18,000 ಪ್ರತಿಗಳು ಹೊರಬಂದಿದ್ದವು. ಅವುಗಳಲ್ಲಿ ಎಷ್ಟನ್ನು ನಿಜವಾಗಿ ಓದಿದರೋ, ಎಷ್ಟು ಗಾಜಿನ ಬೀರು ಸೇರಿದವೋ.

ಓದುವ ಪುಸ್ತಕ ಮಾಡಿದ್ದು ಡವ್ಸ್ ಪ್ರೆಸ್. 1900ರಲ್ಲಿ ಇದೇ ಹ್ಯಾಮರ್‌ಸ್ಮಿತ್‌ನಲ್ಲಿ ವಾಕರ್ ಮತ್ತು ಟಿ. ಜೆ. ಕಾಬ್ಡೆನ್-ಸ್ಯಾಂಡರ್ಸನ್ ಸೇರಿ ಶುರು ಮಾಡಿದ್ದು. ಕಾಬ್ಡೆನ್-ಸ್ಯಾಂಡರ್ಸನ್ ವಕೀಲಿ ಬಿಟ್ಟು ಪುಸ್ತಕ ಕಟ್ಟುವ ಕೆಲಸ ಕಲಿತವನು. ಕೆಲ್ಮ್‌ಸ್ಕಾಟ್ ಚಾಸರ್‌ನ 48 ಪ್ರತಿಗಳಿಗೆ ಬಿಳಿ ಹಂದಿಚರ್ಮದ ಕಟ್ಟು ಹಾಕಿದ್ದು ಅವನ ಬೈಂಡರಿಯೇ. ಇವರೂ ಜೆನ್ಸನ್‌ನ ಅಕ್ಷರಗಳನ್ನೇ ಮಾದರಿಯಾಗಿ ಹಿಡಿದರು, ಆದರೆ ಮಾರಿಸ್‌ನಂತೆ ದಪ್ಪ ಮಾಡಲಿಲ್ಲ. ಚಿತ್ರ ಇಲ್ಲ, ಬಳ್ಳಿ ಇಲ್ಲ, ಅಂಚಿನಲ್ಲಿ ಏನೂ ಇಲ್ಲ. ಬರೀ ಕಪ್ಪು ಅಕ್ಷರ, ಬಿಳಿ ಕಾಗದ, ಅಲ್ಲಲ್ಲಿ ಕೆಂಪು. 1903ರಿಂದ 1905ರವರೆಗೆ ಐದು ಸಂಪುಟಗಳಲ್ಲಿ ಬಂದ ಅವರ ಬೈಬಲ್‌ನ ಮೊದಲ ಪುಟದಲ್ಲಿ ಎಡಕ್ಕೆ ಮೇಲಿನಿಂದ ಕೆಳಗಿನವರೆಗೆ ಒಂದೇ ಒಂದು ಕೆಂಪು ‘ಐ’ ಅಕ್ಷರ ನೆಟ್ಟಗೆ ನಿಂತಿದೆ. ಅಷ್ಟರಲ್ಲೇ ಪುಟ ಗೆದ್ದುಬಿಡುತ್ತದೆ. ಆ ಅಕ್ಷರ ಬರೆದವನು ಎಡ್ವರ್ಡ್ ಜಾನ್ಸ್‌ಟನ್. ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪಾಲುದಾರರಿಗೆ ಆಗಿಬರಲಿಲ್ಲ. 1909ರ ಹೊತ್ತಿಗೆ ಪಾಲು ಮುರಿದಿತ್ತು. ಟೈಪ್ ಯಾರಿಗೆ ಸೇರಬೇಕು ಅನ್ನುವುದೇ ಜಗಳ. ಕಾಬ್ಡೆನ್-ಸ್ಯಾಂಡರ್ಸನ್ ಬದುಕಿರುವವರೆಗೆ ಅವನ ಬಳಿ ಇರಲಿ, ಆಮೇಲೆ ವಯಸ್ಸಿನಲ್ಲಿ ಚಿಕ್ಕವನಾದ ವಾಕರ್‌ಗೆ ಹೋಗಲಿ ಎಂದು ರಾಜಿಯಾಯಿತು. ಮುದುಕನಿಗೆ ಅದು ಒಳಗೊಳಗೇ ಕೊರೆಯುತ್ತಿತ್ತು. ಯಾವತ್ತೋ ಒಂದು ದಿನ ಈ ಅಕ್ಷರಗಳು ಯಂತ್ರದ ಬಾಯಿಗೆ ಬೀಳುತ್ತವೆ ಅನ್ನುವ ಭಯ. 1913ರಲ್ಲಿ ಪಂಚುಗಳನ್ನೂ ಪಡಿಯಚ್ಚುಗಳನ್ನೂ ಥೇಮ್ಸ್ ನದಿಗೆ ಎಸೆದ. ಆಮೇಲೆ 1916ರ ಆಗಸ್ಟ್‌ನಿಂದ 1917ರ ಜನವರಿವರೆಗೆ, ಕತ್ತಲಾದ ಮೇಲೆ ಮೊಳೆಗಳನ್ನು ಪೊಟ್ಟಣ ಕಟ್ಟಿಕೊಂಡು ಹ್ಯಾಮರ್‌ಸ್ಮಿತ್ ಸೇತುವೆಗೆ ನಡೆದು ಹೋಗಿ ಹೊಳೆಗೆ ಬಿಟ್ಟ. ಸುಮಾರು 170 ಸಲ. ಒಂದು ಟನ್ನಿಗೂ ಮಿಕ್ಕಿದ ಲೋಹ. ಅವನಿಗೆ ಆಗ 75 ದಾಟಿತ್ತು. 1922ರಲ್ಲಿ ಅವನು ತೀರಿಕೊಂಡ ಮೇಲೆ ವಾಕರ್ ಅವನ ಹೆಂಡತಿಯ ಮೇಲೆ ಕೇಸು ಹಾಕಿ ಪರಿಹಾರ ಪಡೆದ. ಸಾಲ ಮಾಡಿದ್ದು ಗಂಡ, ತೀರಿಸಿದ್ದು ಹೆಂಡತಿ ಅನ್ನೋ ಹಾಗಾಯಿತು. 2014ರಲ್ಲಿ ರಾಬರ್ಟ್ ಗ್ರೀನ್ ಎಂಬ ವಿನ್ಯಾಸಕಾರರು ಮುಳುಗುಗಾರರ ಸಹಾಯದಿಂದ ಸೇತುವೆಯ ಕೆಳಗೆ 150 ಮೊಳೆಗಳನ್ನು ಎತ್ತಿಸಿದರು. ಆ ಟೈಪ್ ಈಗ ಕಂಪ್ಯೂಟರ್ ಫಾಂಟ್ ಆಗಿ ಸಿಗುತ್ತದೆ. ಯಂತ್ರದ ಭಯದಿಂದ ಮುಳುಗಿಸಿದ್ದು ಯಂತ್ರದಲ್ಲೇ ಎದ್ದು ಬಂತು.

ಈ ಹೊಳೆಯ ಕಥೆ ಎಲ್ಲರಿಗೂ ಇಷ್ಟ. ನನಗೆ ಅದರಲ್ಲಿ ಹುಚ್ಚುತನ ಕಾಣಿಸುತ್ತದೆಯೇ ಹೊರತು ಕಲೆಯ ಮೇಲಿನ ಭಕ್ತಿ ಕಾಣಿಸುವುದಿಲ್ಲ. ಇನ್ನೊಬ್ಬನ ಪಾಲಿನ ಆಸ್ತಿ ಅದು, ಅಲ್ವಾ?

ಬೇರೆ ಪ್ರೆಸ್ಸುಗಳೂ ಸಾಲುಗಟ್ಟಿದವು. ಡಬ್ಲ್ಯೂ. ಎಚ್. ಸ್ಮಿತ್ ಪುಸ್ತಕದಂಗಡಿಗಳ ಪಾಲುದಾರ ಸೇಂಟ್ ಜಾನ್ ಹಾರ್ನ್‌ಬಿ ಹಗಲು ವ್ಯಾಪಾರ, ಬಿಡುವಿನಲ್ಲಿ ಮುದ್ರಣ ಅಂತ 1895ರಿಂದ 1935ರವರೆಗೆ ಆಶೆಂಡೀನ್ ಪ್ರೆಸ್ ನಡೆಸಿದ. ಲೂಸಿಯನ್ ಮತ್ತು ಎಸ್ತರ್ ಪಿಸಾರೊ ದಂಪತಿ ಎರಾನ್ಯಿ ಪ್ರೆಸ್ಸಿನಲ್ಲಿ ಪುಟ್ಟ ಪುಟ್ಟ ಬಣ್ಣದ ಪುಸ್ತಕ ಮಾಡಿದರು. ಚಿತ್ರ ಬರೆಯುವುದು ಗಂಡ, ಮರ ಕೆತ್ತುವುದರಲ್ಲಿ ಹೆಂಡತಿಯ ಪಾಲು ದೊಡ್ಡದು. ಸಿ. ಆರ್. ಆಶ್ಬಿ ಕೆಲ್ಮ್‌ಸ್ಕಾಟ್ ಮುಚ್ಚಿದಾಗ ಅದರ ಪ್ರೆಸ್ಸುಗಳನ್ನು ಕೊಂಡು ಎಸೆಕ್ಸ್ ಹೌಸ್ ಪ್ರೆಸ್ ನಡೆಸಿದ. ಇಲ್ಲಿ ನಮ್ಮ ಕಡೆಗೊಂದು ಎಳೆ ಸಿಗುತ್ತದೆ. ಕಲಾ ವಿದ್ವಾಂಸ ಆನಂದ ಕುಮಾರಸ್ವಾಮಿ ಅವರು ಆಗ ಆಶ್ಬಿಯ ಊರಿನ ಹತ್ತಿರವೇ, ಬ್ರಾಡ್ ಕ್ಯಾಂಪ್ಡನ್ ಎಂಬ ಹಳ್ಳಿಯಲ್ಲಿ ಇದ್ದರು. ಮಧ್ಯಯುಗದ ಸಿಂಹಳ ಕಲೆಯ ಮೇಲಿನ ತಮ್ಮ ದೊಡ್ಡ ಪುಸ್ತಕವನ್ನು 1907-08ರಲ್ಲಿ ಮಾರಿಸ್ ಬಳಸಿದ್ದ ಕೈಪ್ರೆಸ್ಸಿನಲ್ಲೇ, ತಮ್ಮ ಮನೆಯಲ್ಲೇ, 425 ಪ್ರತಿ ಮುದ್ರಿಸಿದರು. ಕೈಕಸುಬು ಅಳಿಯುತ್ತಿದೆ ಎಂದು ಹೇಳುವ ಪುಸ್ತಕವನ್ನು ಕೈಕಸುಬಿನಲ್ಲೇ ಮಾಡಿದ್ದು ಮೆಚ್ಚಬೇಕಾದ ಹಟ. ಹಾಗೆಯೇ ಐರ್ಲೆಂಡಿನಲ್ಲಿ ಎಲಿಜಬೆತ್ ಯೇಟ್ಸ್ ಹೆಣ್ಣುಮಕ್ಕಳನ್ನೇ ಕೆಲಸಕ್ಕೆ ಇಟ್ಟುಕೊಂಡು ನಡೆಸಿದ ಕೂಲಾ ಪ್ರೆಸ್, 1914ರಲ್ಲಿ ರವೀಂದ್ರನಾಥ ಟಾಗೋರರ ಅಂಚೆಮನೆ ನಾಟಕದ ಇಂಗ್ಲಿಷ್ ರೂಪವನ್ನು 400 ಪ್ರತಿ ಮುದ್ರಿಸಿತು.

ಮೊದಲ ಮಹಾಯುದ್ಧ ಮುಗಿದ ಮೇಲೆ ಎರಡನೇ ಅಲೆ. ಬರ್ಕ್‌ಷೈರಿನ ಹಳ್ಳಿಯಲ್ಲಿ 1920ರಲ್ಲಿ ಗೋಲ್ಡನ್ ಕಾಕರೆಲ್ ಪ್ರೆಸ್ ಹುಟ್ಟಿತು. 1924ರಲ್ಲಿ ಅದನ್ನು ಕೊಂಡ ರಾಬರ್ಟ್ ಗಿಬಿಂಗ್ಸ್ ಸ್ವತಃ ಮರದ ಕೆತ್ತನೆಗಾರ. 1931ರಲ್ಲಿ ಬಂದ ಅವರ ನಾಲ್ಕು ಸುವಾರ್ತೆಗಳ ಪುಸ್ತಕದಲ್ಲಿ ಎರಿಕ್ ಗಿಲ್ ಅಕ್ಷರ ಮತ್ತು ಮನುಷ್ಯಾಕೃತಿಗಳನ್ನು ಒಂದರೊಳಗೊಂದು ಹೆಣೆದ. ನನ್ನ ಮಟ್ಟಿಗೆ ಕೆಲ್ಮ್‌ಸ್ಕಾಟಿನ ಹೂಬಳ್ಳಿ ಮತ್ತು ಡವ್ಸಿನ ಬಯಲು ಎರಡನ್ನೂ ದಾಟಿದ ಪುಟಗಳು ಇವು. ಗಿಲ್ ತನ್ನ ಹೆಣ್ಣುಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದು ಅವನು ಸತ್ತ ಎಷ್ಟೋ ವರ್ಷಗಳ ಮೇಲೆ ಅವನದೇ ದಿನಚರಿಯಿಂದ ಹೊರಬಿತ್ತು. ಅದನ್ನು ಹೇಳದೆ ಅವನ ಕೆಲಸ ಹೊಗಳುವುದು ಈಗ ಸಾಧ್ಯವಿಲ್ಲ. ವೇಲ್ಸ್‌ನಲ್ಲಿ ಗ್ವೆಂಡೊಲಿನ್ ಮತ್ತು ಮಾರ್ಗರೆಟ್ ಡೇವಿಸ್ ಎಂಬ ಅಕ್ಕತಂಗಿಯರು, ಕಲ್ಲಿದ್ದಲು ಮತ್ತು ರೈಲಿನಿಂದ ಅಜ್ಜ ಗಳಿಸಿದ ದುಡ್ಡಿನಲ್ಲಿ, 1922ರಿಂದ 1940ರವರೆಗೆ ಗ್ರೆಗಿನಾಗ್ ಪ್ರೆಸ್ ನಡೆಸಿ ಇಂಗ್ಲಿಷ್ ಜೊತೆಗೆ ವೆಲ್ಷ್ ಭಾಷೆಯ ಪುಸ್ತಕಗಳನ್ನೂ ಅಷ್ಟೇ ಅಂದವಾಗಿ ಮಾಡಿದರು. ಸಣ್ಣ ಭಾಷೆಗೆ ಇಂಥ ಮರ್ಯಾದೆ ಸಿಗುವುದು ಅಪರೂಪ.

ಈ ಪುಸ್ತಕಗಳ ಮೇಲೆ ಆಗ ಸಟ್ಟಾ ವ್ಯಾಪಾರವೂ ನಡೆಯುತ್ತಿತ್ತು. ಮಿತ ಪ್ರತಿ ಎಂದರೆ ನಾಳೆ ಬೆಲೆ ಏರುತ್ತದೆ ಅಂತ ಕೊಳ್ಳುವವರು. 1929ರಲ್ಲಿ ಅಮೆರಿಕದ ಷೇರುಪೇಟೆ ಬಿದ್ದದ್ದೇ ತಡ, ಅಲ್ಲಿನ ಕೊಳ್ಳುಗರು ಮಾಯವಾದರು. ಗಿಬಿಂಗ್ಸ್ 1933ರಲ್ಲಿ ಪ್ರೆಸ್ ಮಾರಿದ. ಎರಡನೇ ಮಹಾಯುದ್ಧ ಉಳಿದದ್ದನ್ನೂ ಬಹುಪಾಲು ನಿಲ್ಲಿಸಿತು.

ಹಾಗಾದರೆ ಶ್ರೀಮಂತರ ಬೀರುವಿಗೆ ನಾಲ್ಕು ಪುಸ್ತಕ ಸೇರಿಸಿದ್ದು ಬಿಟ್ಟರೆ ಇವರು ಮಾಡಿದ್ದೇನು? ಇದಕ್ಕೆ ಉತ್ತರ ಪುಸ್ತಕದ ಹೊರಗೆ ಇದೆ.

ಆ ಕೆಂಪು ‘ಐ’ ಬರೆದ ಜಾನ್ಸ್‌ಟನ್‌ಗೆ ಹಳೆ ಹಸ್ತಪ್ರತಿಗಳ ದಾರಿ ತೋರಿಸಿದ್ದು ಮಾರಿಸ್‌ನ ಕಾರ್ಯದರ್ಶಿಯಾಗಿದ್ದ ಸಿಡ್ನಿ ಕಾಕರೆಲ್. ಜಾನ್ಸ್‌ಟನ್ ಮುಂದೆ ಲಂಡನ್ ಸುರಂಗ ರೈಲಿಗೆ ಹೊಸ ಅಕ್ಷರ ಮಾಡಿಕೊಟ್ಟ. ಅವು ಬಳಕೆಗೆ ಬಂದದ್ದು 1916ರಲ್ಲಿ. ಅಂದರೆ ಡವ್ಸ್ ಮೊಳೆಗಳು ಥೇಮ್ಸ್‌ಗೆ ಬೀಳುತ್ತಿದ್ದ ಅದೇ ವರ್ಷ, ಅದೇ ಊರಿನಲ್ಲಿ, ಡವ್ಸ್ ಪುಟಕ್ಕೆ ಅಕ್ಷರ ಬರೆದ ಕೈ ದಿನಾ ಕೆಲಸಕ್ಕೆ ಹೋಗುವವರ ಕಣ್ಣಿಗೆ ಅಕ್ಷರ ಕೊಡುತ್ತಿತ್ತು. ಜಾನ್ಸ್‌ಟನ್‌ನ ಶಿಷ್ಯ ಎರಿಕ್ ಗಿಲ್. ಅವನ ಗಿಲ್ ಸಾನ್ಸ್ 1928ರಲ್ಲಿ ಮಾನೊಟೈಪ್ ಕಂಪನಿಯಿಂದ ಬಂತು. 1935ರಲ್ಲಿ 6 ಪೆನ್ನಿಗೆ ಮಾರಾಟಕ್ಕೆ ಬಂದ ಮೊದಲ ಪೆಂಗ್ವಿನ್ ಪುಸ್ತಕಗಳ ರಕ್ಷಾಪುಟದ ಮೇಲೆ ಇದ್ದದ್ದು ಅದೇ ಅಕ್ಷರ.

ಪುಟದ ಒಳಗೂ ಇದೇ ನಡೆಯಿತು. ಮಾನೊಟೈಪ್ ಎಂದರೆ ಕೀಲಿಮಣೆಯಲ್ಲಿ ಒತ್ತಿದರೆ ಒಂದೊಂದೇ ಮೊಳೆಯನ್ನು ತಾನೇ ಎರಕ ಹೊಯ್ದು ಜೋಡಿಸುವ ಯಂತ್ರ. 1920ರ ದಶಕದಲ್ಲಿ ಅದರ ಸಲಹೆಗಾರನಾದ ಸ್ಟ್ಯಾನ್ಲಿ ಮಾರಿಸನ್ ಹಳೆಯ ವೆನಿಸ್ ಮತ್ತು ಫ್ರೆಂಚ್ ಟೈಪುಗಳನ್ನು ಒಂದೊಂದಾಗಿ ಯಂತ್ರಕ್ಕೆ ತಂದ. ಫ್ರಾನ್ಸಿಸ್ ಮೆನೆಲ್, ಇವನೂ ಎಡಪಂಥದವನೇ, 1922ರಲ್ಲಿ ನಾನ್‌ಸಚ್ ಪ್ರೆಸ್ ಶುರು ಮಾಡಿದಾಗ ಒಂದು ಉಪಾಯ ಹೂಡಿದ. ಪುಟದ ವಿನ್ಯಾಸವನ್ನು ತನ್ನ ಸಣ್ಣ ಕೈಪ್ರೆಸ್ಸಿನಲ್ಲಿ ಪ್ರಯೋಗ ಮಾಡಿ ನೋಡುವುದು, ಮುದ್ರಣವನ್ನು ದೊಡ್ಡ ವಾಣಿಜ್ಯ ಮುದ್ರಣಾಲಯದ ಯಂತ್ರದ ಮೇಲೆ ಮಾಡಿಸುವುದು. ಪುಸ್ತಕ ಚೆನ್ನಾಗಿಯೇ ಬಂದವು, ಎಷ್ಟೋ ಪಾಲು ಅಗ್ಗವೂ ಆದವು. 1947ರಲ್ಲಿ ಪೆಂಗ್ವಿನ್‌ಗೆ ಬಂದ ಯಾನ್ ಚಿಕೋಲ್ಡ್ ಪದಗಳ ನಡುವಿನ ಜಾಗ ಬಿಗಿಯಾಗಿರಲಿ, ಅಂಚು ಹೀಗಿರಲಿ ಎಂದು ಬರೆದಿಟ್ಟ ನಿಯಮಗಳನ್ನು ಓದಿದರೆ 1893ರ ಮಾರಿಸ್‌ನ ಮಾತು ನೆನಪಾಗುತ್ತದೆ. ಮಾರಿಸ್‌ನ ಸಮಾಜವಾದ ಮತ್ತು ಮಾರಿಸ್‌ನ ಪುಸ್ತಕ ಒಂದಕ್ಕೊಂದು ಸೇರಿದ್ದು 20 ಪೌಂಡಿನಲ್ಲಿ ಅಲ್ಲ, 6 ಪೆನ್ನಿಯಲ್ಲಿ. ಅದಕ್ಕೆ ಅರ್ಧ ಶತಮಾನ ಹಿಡಿಯಿತು, ಮತ್ತು ಯಂತ್ರವೇ ಬೇಕಾಯಿತು.

ಮೂರನೇ ಅಲೆ ಬಂದ ಬಗೆ ವಿಚಿತ್ರ. 1960, 70ರ ದಶಕಗಳಲ್ಲಿ ವಾಣಿಜ್ಯ ಮುದ್ರಣ ಮೊಳೆಯೇ ಬೇಡದ ಆಫ್‌ಸೆಟ್‌ಗೆ ತಿರುಗಿತು. ಮೊಳೆ, ಮೊಳೆ ಇಡುವ ಕೇಸು, ಪ್ರೆಸ್ಸು, ಎರಕದ ಯಂತ್ರ ಎಲ್ಲ ಗುಜರಿ ಬೆಲೆಗೆ ಬಂದವು. ನಮ್ಮಲ್ಲೂ ಸ್ವಲ್ಪ ತಡವಾಗಿ ಟ್ರೆಡಲ್ ಯಂತ್ರಗಳ ಗತಿ ಹೀಗೇ ಆಯಿತು. ಬ್ರಿಟನ್ನಿನಲ್ಲಿ ಆ ಗುಜರಿಯನ್ನು ಆಸಕ್ತರು ಕೊಂಡರು. 1971ರಲ್ಲಿ ಗ್ಲಾಸ್ಟರ್‌ಷೈರಿನಲ್ಲಿ ಜಾನ್ ಮತ್ತು ರೊಸಲಿಂಡ್ ರ್ಯಾಂಡಲ್ ದಂಪತಿ ಶುರು ಮಾಡಿದ ವಿಟಿಂಗ್ಟನ್ ಪ್ರೆಸ್ ಮಾನೊಟೈಪ್ ಯಂತ್ರಗಳನ್ನೇ ಉಳಿಸಿಕೊಂಡು ಪುಸ್ತಕ ಮಾಡಿತು. ಮೋಜು ನೋಡಿ: ಮಾರಿಸ್ ಕಾಲದಲ್ಲಿ ಇನ್ನೂ ತಯಾರಾಗುತ್ತಿದ್ದ ಯಂತ್ರ ಇಲ್ಲಿ ‘ಕೈಕಸುಬು’ ಆಗಿದೆ. 1981ರಿಂದ ಅವರು ತಂದ ‘ಮೇಟ್ರಿಕ್ಸ್’ ವಾರ್ಷಿಕ ಮುದ್ರಕರ ಪಾಲಿಗೆ ದೊಡ್ಡ ಆಕರ. ಅತ್ತ ಕಾಗದದ ಕಡೆ ಸುದ್ದಿ ಚೆನ್ನಾಗಿಲ್ಲ. ಕೆಂಟ್‌ನ ಹೇಲ್ ಮಿಲ್‌ನಲ್ಲಿ ಕೈಕಾಗದದ ವ್ಯಾಪಾರ 1987ರಲ್ಲಿ ನಿಂತಿತು.

ಈಗಿನ ಪ್ರೆಸ್ಸುಗಳಲ್ಲಿ ಹಲವರು ಕಂಪ್ಯೂಟರಿನಲ್ಲಿ ಪುಟ ವಿನ್ಯಾಸ ಮಾಡಿ, ಅದನ್ನು ಬೆಳಕಿಗೆ ಗಟ್ಟಿಯಾಗುವ ಪ್ಲಾಸ್ಟಿಕ್ ತಗಡಿಗೆ ಇಳಿಸಿ, ಆ ತಗಡನ್ನು ಹಳೆ ಪ್ರೆಸ್ಸಿನಲ್ಲಿ ಮೊಳೆಯ ಬದಲು ಇಟ್ಟು ಮುದ್ರಿಸುತ್ತಾರೆ. ಇದು ಮೋಸ ಎನ್ನುವವರು ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮಾರಿಸ್ ಫೋಟೋ ಬಳಸಿದ, ಅಲಂಕಾರದ ಅಚ್ಚುಗಳನ್ನು ವಿದ್ಯುತ್ತಿನಿಂದ ಲೋಹದಲ್ಲಿ ನಕಲು ಮಾಡಿಸಿದ. ತಗಡಿನಲ್ಲಿ ಮುದ್ರಿಸಿದ ಕೆಟ್ಟ ಪುಸ್ತಕಗಳು ಬೇಕಾದಷ್ಟಿವೆ, ಹಾಗೆಯೇ ಮೊಳೆಯಲ್ಲಿ ಮುದ್ರಿಸಿದ ಕೆಟ್ಟ ಪುಸ್ತಕಗಳೂ ಇವೆ. ಈಗ ಅಕ್ಷರ ಕಾಗದದೊಳಗೆ ಆಳವಾಗಿ ಹೂತಿರಬೇಕು ಅನ್ನುವ ಷೋಕಿ ಒಂದು ಶುರುವಾಗಿದೆ, ಬೆರಳಾಡಿಸಿದರೆ ಗುಂಡಿ ಸಿಗುವಷ್ಟು. ಹಳಬರು ಅದನ್ನು ಕೆಟ್ಟ ಕೆಲಸ ಎಂದೇ ಎಣಿಸುತ್ತಿದ್ದರು. ಪುಟದ ಹಿಂಬದಿಯಲ್ಲಿ ಉಬ್ಬು ಕಾಣದಂತೆ ಒತ್ತುವುದೇ ಅವರ ಹೆಮ್ಮೆ.

ಲಂಡನ್ನಿಗೆ ಹೋಗುವವರಿದ್ದರೆ ಹ್ಯಾಮರ್‌ಸ್ಮಿತ್‌ಗೆ ಅರ್ಧ ದಿನ ಇಟ್ಟುಕೊಳ್ಳಿ. ಹ್ಯಾಮರ್‌ಸ್ಮಿತ್ ಟೆರೇಸ್‌ನ 7ನೇ ನಂಬರಿನ ಎಮರಿ ವಾಕರ್ ಮನೆಯನ್ನು ಹಾಗೇ ಉಳಿಸಿದ್ದಾರೆ, ಮೊದಲೇ ಟಿಕೆಟ್ ತೆಗೆದುಕೊಂಡರೆ ಜೊತೆಗೆ ಕರೆದುಕೊಂಡು ಹೋಗಿ ತೋರಿಸುತ್ತಾರೆ. ನದಿಯ ದಡದಲ್ಲೇ ಸ್ವಲ್ಪ ನಡೆದರೆ ಮಾರಿಸ್ ಇದ್ದ ಕೆಲ್ಮ್‌ಸ್ಕಾಟ್ ಹೌಸ್, ಅದರ ನೆಲಮಾಳಿಗೆಯಲ್ಲಿ ಒಂದು ಆಲ್ಬಿಯನ್ ಇದೆ. ಚಾಸರ್ ಮುದ್ರಿಸಲೆಂದೇ ಬಲಪಡಿಸಿದ ಪ್ರೆಸ್ ಮಾತ್ರ ಅಲ್ಲಿಲ್ಲ. ಅದು ಅಮೆರಿಕಕ್ಕೆ ಹೋಗಿ ಹಲವು ಕೈ ಬದಲಾಯಿತು. 2013ರ ಹರಾಜಿನಲ್ಲಿ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಅದನ್ನು 2,33,000 ಡಾಲರ್ ಕೊಟ್ಟು ಕೊಂಡಿತು. ಸುಮ್ನೆ ಪ್ರದರ್ಶನಕ್ಕೆ ಇಟ್ಟಿಲ್ಲ, ವಿದ್ಯಾರ್ಥಿಗಳು ಅದರಲ್ಲಿ ಮುದ್ರಣ ಕಲಿಯುತ್ತಾರೆ.